ದುಡಿದವರ ಬೆನ್ನು ತಟ್ಟಿದ ಧಣಿ – ರಾಬರ್ಟ್ ಓವೆನ್

ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ 25 ವರ್ಷ ತುಂಬಿದೆ. ಬೆಳ್ಳಿ ಹಬ್ಬದ ಸ್ಮರಣ ಸಂಚಿಕೆಗೆ ನಿರ್ದೇಶಕರೆಲ್ಲ ಒಂದೊಂದು ಲೇಖನ ಕೊಡಬೇಕು ಅಂತ ಆಡಳಿತ ಮಂಡಳಿ ಸಭೆಯಲ್ಲಿ ತೀರ್ಮಾನವಾಯಿತು. ನಾನು ಸಾಹಿತಿಯಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ನೇಗಿಲು ಹಿಡಿದವನು. ಆದರೂ ಸಹಕಾರ ತರಬೇತಿಗೆ ಹೋದಾಗ ಹೆಸರು ಕೇಳಿ, ಆಮೇಲೆ ಅಲ್ಲಿ ಇಲ್ಲಿ ಪುಸ್ತಕ ಹುಡುಕಿ ಓದಿದ ಒಬ್ಬ ಮಹನೀಯರ ಬದುಕಿನ ಕಥೆಯನ್ನು ನನಗೆ ತಿಳಿದ ಮಟ್ಟಿಗೆ ಸದಸ್ಯ ಬಾಂಧವರ ಮುಂದೆ ಇಡುತ್ತಿದ್ದೇನೆ.

ಸಹಕಾರ ಚಳವಳಿಯ ಪಿತಾಮಹ ಅಂತ ಎಲ್ಲ ತರಬೇತಿಗಳಲ್ಲೂ ಹೇಳುವ ಹೆಸರು ರಾಬರ್ಟ್ ಓವೆನ್. ಹೆಸರು ಹೇಳಿ ಮುಂದಿನ ಪಾಠಕ್ಕೆ ಹೋಗಿಬಿಡುತ್ತಾರೆ. ಆದರೆ ಅವರು ಏನು ಮಾಡಿದರು, ಕೈಕೆಳಗೆ ದುಡಿಯುವ ಎರಡು ಸಾವಿರ ಜನರ ಹತ್ತಿರ ಹೇಗೆ ನಡೆದುಕೊಂಡರು ಅನ್ನೋದನ್ನ ತಿಳಿದುಕೊಂಡರೆ, ನಮ್ಮಂಥ ಸಣ್ಣ ಸಂಘ ನಡೆಸುವವರಿಗೂ ಬಹಳ ಉಪಯೋಗವಿದೆ. ನಮ್ಮಲ್ಲಿ ಇರುವುದು ಒಬ್ಬ ಕಾರ್ಯದರ್ಶಿ, ಒಬ್ಬ ಹಾಲು ಪರೀಕ್ಷಕ, ಒಬ್ಬ ಸಹಾಯಕ. ಮೂರು ಜನರೇ ಇರಲಿ, ಮೂರು ಸಾವಿರ ಜನರೇ ಇರಲಿ, ದುಡಿಸಿಕೊಳ್ಳುವವರ ಧರ್ಮ ಒಂದೇ.

ಬಾಲ್ಯ ಮತ್ತು ದುಡಿಮೆ

ಓವೆನ್‌ರವರು ಹುಟ್ಟಿದ್ದು 1771ರ ಮೇ 14ರಂದು, ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ನ್ಯೂಟೌನ್ ಎಂಬ ಸಣ್ಣ ಪೇಟೆಯಲ್ಲಿ. ತಂದೆ ಕುದುರೆಯ ಜೀನು ಹೊಲಿಯುವ ಮತ್ತು ಕಬ್ಬಿಣದ ಸಾಮಾನು ಮಾರುವ ಕಸುಬಿನವರು. ಏಳು ಮಕ್ಕಳಲ್ಲಿ ಇವರು ಆರನೆಯವರು. ಓದಿನಲ್ಲಿ ಬಹಳ ಚುರುಕು. ಏಳನೇ ವಯಸ್ಸಿಗೇ ಶಾಲೆಯಲ್ಲಿ ತನಗಿಂತ ಚಿಕ್ಕ ಮಕ್ಕಳಿಗೆ ಪಾಠ ಹೇಳಿಕೊಡುವ ಸಹಾಯಕನಾಗಿದ್ದರಂತೆ. ಆದರೆ ಒಂಬತ್ತಕ್ಕೆ ಶಾಲೆ ಮುಗಿಯಿತು. ಹತ್ತನೇ ವಯಸ್ಸಿಗೆ ಮನೆ ಬಿಟ್ಟು ದುಡಿಮೆಗೆ ಹೊರಟರು.

ಮೊದಲು ಸೇರಿದ್ದು ಸ್ಟ್ಯಾಮ್‌ಫರ್ಡ್ ಎಂಬ ಊರಿನ ಮೆಕ್‌ಗಫಾಗ್ ಎಂಬುವರ ಬಟ್ಟೆ ಅಂಗಡಿಗೆ. ಈ ಮೆಕ್‌ಗಫಾಗ್ ಬುಟ್ಟಿ ಹೊತ್ತು ಊರೂರು ತಿರುಗಿ ಮಾರುತ್ತಾ ಮೇಲೆ ಬಂದ ಮನುಷ್ಯ. ಕಷ್ಟ ಗೊತ್ತಿದ್ದವರು. ಮೊದಲ ವರ್ಷ ಊಟ ವಸತಿ ಮಾತ್ರ, ಎರಡನೇ ವರ್ಷಕ್ಕೆ 8 ಪೌಂಡು, ಮೂರನೇ ವರ್ಷಕ್ಕೆ 10 ಪೌಂಡು ಅಂತ ಕರಾರು. ಹುಡುಗನನ್ನು ಮನೆಯವನಂತೆ ನೋಡಿಕೊಂಡರು. ಅವರ ಮನೆಯಲ್ಲಿ ಒಳ್ಳೆ ಪುಸ್ತಕಗಳಿದ್ದವು. ಹುಡುಗ ಬಿಡುವಾದಾಗಲೆಲ್ಲ ಓದುತ್ತಿದ್ದ, ಧಣಿ ಬೇಡ ಅನ್ನಲಿಲ್ಲ.

ಅಲ್ಲಿಂದ ಲಂಡನ್ ಸೇತುವೆಯ ಹತ್ತಿರದ ಒಂದು ದೊಡ್ಡ ಅಂಗಡಿಗೆ ಹೋದರು. ಸಂಬಳ ವರ್ಷಕ್ಕೆ 25 ಪೌಂಡು, ಮೊದಲಿಗಿಂತ ಎಷ್ಟೋ ಜಾಸ್ತಿ. ಆದರೆ ವ್ಯಾಪಾರದ ಕಾಲದಲ್ಲಿ ಬೆಳಗ್ಗೆ ಎಂಟಕ್ಕೆ ತಲೆಗೆ ಪೌಡರು ಹಾಕಿ ಅಲಂಕಾರ ಮಾಡಿಕೊಂಡು ನಿಂತರೆ ಅಂಗಡಿ ಸಾಮಾನು ಎತ್ತಿಡುವ ಹೊತ್ತಿಗೆ ರಾತ್ರಿ ಎರಡು ಗಂಟೆ ಆಗುತ್ತಿತ್ತು. ಮೆಟ್ಟಿಲು ಹತ್ತಿ ಮಲಗಲು ಹೋಗುವುದಕ್ಕೂ ಕಾಲಲ್ಲಿ ಶಕ್ತಿ ಇರುತ್ತಿರಲಿಲ್ಲ. ಸಂಬಳ ಹೆಚ್ಚಿದ್ದರೂ ಆ ಕೆಲಸ ಬೇಡವಾಗಿ ಬಿಟ್ಟು, ಮ್ಯಾಂಚೆಸ್ಟರಿಗೆ ಹೋದರು. ಒಳ್ಳೆ ಧಣಿ ಹೇಗಿರುತ್ತಾನೆ, ಬರೀ ಲೆಕ್ಕದ ಧಣಿ ಹೇಗಿರುತ್ತಾನೆ ಅಂತ ಹದಿನಾರು ತುಂಬುವುದರೊಳಗೆ ಎರಡನ್ನೂ ಅನುಭವಿಸಿ ನೋಡಿದ್ದರು.

ಆರು ವಾರ ಸುಮ್ಮನೆ ನೋಡಿದ ಮ್ಯಾನೇಜರು

ಆಗ ಮ್ಯಾಂಚೆಸ್ಟರಿನಲ್ಲಿ ಹತ್ತಿ ಗಿರಣಿಗಳು ನಾಯಿಕೊಡೆ ಎದ್ದಂತೆ ಏಳುತ್ತಿದ್ದ ಕಾಲ. ಓವೆನ್ ಅಣ್ಣನ ಹತ್ತಿರ 100 ಪೌಂಡು ಸಾಲ ತಗೊಂಡು ಒಬ್ಬರ ಪಾಲುದಾರಿಕೆಯಲ್ಲಿ ನೂಲುವ ಯಂತ್ರ ಮಾಡಿಸುವ ಕೆಲಸ ಶುರು ಮಾಡಿದರು, ಆಮೇಲೆ ಸ್ವಂತವಾಗಿ ಸ್ವಲ್ಪ ನೂಲು ತೆಗೆದರು. ಇಪ್ಪತ್ತರ ವಯಸ್ಸಿಗೆ ಡ್ರಿಂಕ್‌ವಾಟರ್ ಎಂಬ ಸಾಹುಕಾರರ ಗಿರಣಿಗೆ ಮ್ಯಾನೇಜರು ಬೇಕು ಅಂತ ಜಾಹೀರಾತು ನೋಡಿ ನೇರವಾಗಿ ಹೋಗಿ ನಿಂತರು. ವರ್ಷಕ್ಕೆ 300 ಪೌಂಡು ಸಂಬಳ ಕೇಳಿದರು. ಮೀಸೆ ಸರಿಯಾಗಿ ಚಿಗುರದ ಹುಡುಗ ಇಷ್ಟು ಕೇಳ್ತಾನಲ್ಲ ಅಂತ ಸಾಹುಕಾರರಿಗೆ ಆಶ್ಚರ್ಯ. ಆದರೂ ವಿಚಾರಿಸಿ ನೋಡಿ ಒಪ್ಪಿಕೊಂಡರು.

ಗಿರಣಿಯಲ್ಲಿ 500 ಜನ ಕೆಲಸಗಾರರು. ಹಿಂದಿನ ಮ್ಯಾನೇಜರು ಬಿಟ್ಟುಹೋಗಿದ್ದರು. ಓವೆನ್‌ಗೆ ಆ ಯಂತ್ರಗಳ ಪೂರ್ತಿ ಕೆಲಸ ಗೊತ್ತಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಗೊತ್ತಿಲ್ಲದ್ದನ್ನು ಮುಚ್ಚಿಕೊಳ್ಳಲು ಮೊದಲ ದಿನವೇ ಜೋರು ಮಾಡುತ್ತಿದ್ದರು. ಇವರು ಹಾಗೆ ಮಾಡಲಿಲ್ಲ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆಯುವುದು, ರಾತ್ರಿ ಎಲ್ಲರೂ ಹೋದ ಮೇಲೆ ಬೀಗ ಹಾಕುವುದು, ನಡುವೆ ಪ್ರತಿಯೊಬ್ಬರ ಕೆಲಸವನ್ನೂ ಸುಮ್ಮನೆ ನೋಡುವುದು. ಹೀಗೆ ಆರು ವಾರ ಯಾರಿಗೂ ಒಂದು ನೇರ ಆಜ್ಞೆ ಕೊಡಲಿಲ್ಲ. ಯಾರ ಕೈಯಲ್ಲಿ ಯಾವ ಕಸುಬಿದೆ, ಎಲ್ಲಿ ತೊಡಕಿದೆ ಎಲ್ಲ ತಿಳಿದ ಮೇಲೆ ಬಾಯಿ ಬಿಟ್ಟರು. ಆರು ತಿಂಗಳೊಳಗೆ ಗಿರಣಿ ಒಂದು ಹದಕ್ಕೆ ಬಂತು. ಅಲ್ಲಿ ತಯಾರಾದ ಸಣ್ಣ ನೂಲಿಗೆ ಒಳ್ಳೆ ಹೆಸರು ಬಂತು.

ಸಾಹುಕಾರರು ಸಂತೋಷಪಟ್ಟು ಎರಡನೇ ವರ್ಷ 400, ಮೂರನೇ ವರ್ಷ 500 ಪೌಂಡು, ನಾಲ್ಕನೇ ವರ್ಷದಿಂದ ಗಿರಣಿಯಲ್ಲಿ ನಾಲ್ಕನೇ ಒಂದು ಪಾಲು ಅಂತ ಕರಾರು ಬರೆದುಕೊಟ್ಟರು. ಆದರೆ ಅಷ್ಟರಲ್ಲಿ ಅವರಿಗೆ ಸಿರಿವಂತ ಅಳಿಯನೊಬ್ಬ ಗೊತ್ತಾದ. ಪಾಲಿನ ಮಾತು ಬಿಟ್ಟುಬಿಡಿ, ಸಂಬಳ ಎಷ್ಟು ಬೇಕೋ ಕೇಳಿ ಅಂತ ರಾಗ ತೆಗೆದರು. ಓವೆನ್ ಜೇಬಿನಲ್ಲಿದ್ದ ಕರಾರು ಪತ್ರ ತೆಗೆದು ಅವರ ಮುಂದೆಯೇ ಬೆಂಕಿಗೆ ಹಾಕಿ ಕೆಲಸ ಬಿಟ್ಟರು. ಕೊಟ್ಟ ಮಾತು ಹಿಂದಕ್ಕೆ ತಗೊಂಡರೆ ದುಡಿಯುವವನ ಮನಸ್ಸು ಹೇಗೆ ಮುರಿಯುತ್ತೆ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ. ಹಣ ಹೆಚ್ಚು ಕೊಡ್ತೀನಿ ಅಂದರೂ ಆ ಮನಸ್ಸು ಮತ್ತೆ ಕೂಡಲಿಲ್ಲ.

ನ್ಯೂ ಲ್ಯಾನಾರ್ಕ್ ಊರು

ಸ್ಕಾಟ್ಲೆಂಡಿನಲ್ಲಿ ಕ್ಲೈಡ್ ಎಂಬ ನದಿ. ಅದರ ಜಲಪಾತದ ಕೆಳಗೆ ನೀರಿನ ಶಕ್ತಿಯಿಂದ ಗಿರಣಿ ತಿರುಗಿಸಲು ಡೇವಿಡ್ ಡೇಲ್ ಎಂಬ ವ್ಯಾಪಾರಿ 1780ರ ದಶಕದಲ್ಲಿ ಕಟ್ಟಿಸಿದ ಊರೇ ನ್ಯೂ ಲ್ಯಾನಾರ್ಕ್. ಓವೆನ್ 1799ರಲ್ಲಿ ಡೇಲ್‌ರ ಮಗಳು ಕ್ಯಾರೊಲಿನ್‌ರನ್ನು ಮದುವೆಯಾದರು. ಅದೇ ಕಾಲಕ್ಕೆ ತಮ್ಮ ಪಾಲುದಾರರ ಜೊತೆ ಸೇರಿ ಆ ಗಿರಣಿಗಳನ್ನು 60 ಸಾವಿರ ಪೌಂಡಿಗೆ, 20 ವರ್ಷದ ಕಂತಿನ ಮೇಲೆ ಕೊಂಡರು. 1800ರ ಜನವರಿಯಿಂದ ಆಡಳಿತ ಅವರ ಕೈಗೆ ಬಂತು.

ಅಲ್ಲಿದ್ದ ಪರಿಸ್ಥಿತಿ ಕೇಳಿ. ಸುಮಾರು ಎರಡು ಸಾವಿರ ಜನ. ಅದರಲ್ಲಿ ಸುಮಾರು 500 ಮಕ್ಕಳು, ಅನಾಥಾಲಯಗಳಿಂದ ಕರೆತಂದವರು, ಐದಾರು ವರ್ಷದವರೂ ಇದ್ದರು. ಡೇಲ್‌ರವರು ದಯಾಳುವೇ, ಮಕ್ಕಳಿಗೆ ಊಟ ಬಟ್ಟೆ ಚೆನ್ನಾಗಿ ಕೊಡುತ್ತಿದ್ದರು. ಆದರೆ ದಿನವಿಡೀ ದುಡಿದು ಬಂದ ಮಗು ರಾತ್ರಿ ಏನು ಪಾಠ ಕಲಿಯುತ್ತೆ? ದೊಡ್ಡವರಲ್ಲಿ ಕುಡಿತ, ಕಳ್ಳತನ, ಜಗಳ. ಗಿರಣಿಯ ನೂಲು ಮನೆಗೆ ಹೋಗುತ್ತಿತ್ತು. ಸಾಲದ್ದಕ್ಕೆ ಓವೆನ್ ಬೇರೆ ಸೀಮೆಯವರು, ಮಾತಿನ ಧಾಟಿ ಬೇರೆ. ಹೊಸ ಧಣಿ ನಮ್ಮ ರಕ್ತ ಹೀರಲು ಬಂದಿದ್ದಾನೆ ಅಂತ ಜನ ಅಂದುಕೊಂಡರು. ಏನು ಬದಲಾವಣೆ ಮಾಡಹೋದರೂ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ ಆಯಿತು.

ಓವೆನ್ ಯಾರನ್ನೂ ಜೈಲಿಗೆ ಕಳಿಸಲಿಲ್ಲ. ಮಾಲು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವಾಗಲೆಲ್ಲ ಎಣಿಕೆ ಇರುವಂತೆ ಲೆಕ್ಕ ಕಟ್ಟಿದರು. ಕದ್ದರೆ ಗೊತ್ತಾಗುತ್ತೆ ಅನ್ನುವ ಸ್ಥಿತಿ ತಂದರು, ಕಳ್ಳತನ ತಾನಾಗಿ ಇಳಿಯಿತು. ಹೊಸದಾಗಿ ಅನಾಥ ಮಕ್ಕಳನ್ನು ತರಿಸುವುದು ನಿಲ್ಲಿಸಿದರು. ಮುಂದೆ ಹತ್ತು ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ತಗೊಳ್ಳುವುದನ್ನೂ ಬಿಟ್ಟರು. ಊರಿನ ಖಾಸಗಿ ಅಂಗಡಿಗಳಲ್ಲಿ ಕಳಪೆ ಸಾಮಾನನ್ನು ದುಬಾರಿಗೆ ಸಾಲಕ್ಕೆ ಕೊಡುತ್ತಿದ್ದರು. ಓವೆನ್ ಗಿರಣಿಯಿಂದಲೇ ಅಂಗಡಿ ತೆರೆದು, ಒಟ್ಟಿಗೆ ಸಗಟು ಖರೀದಿ ಮಾಡಿ, ಒಳ್ಳೆ ಮಾಲನ್ನು ಅಸಲಿಗೆ ಹತ್ತಿರದ ಬೆಲೆಗೆ ಕೊಡಿಸಿದರು. ಆ ಅಂಗಡಿಯ ಲಾಭ ಮುಂದೆ ಶಾಲೆಯ ಖರ್ಚಿಗೆ ಹೋಯಿತು. ಇವತ್ತು ನಮ್ಮ ಸಹಕಾರಿ ಅಂಗಡಿಗಳ ಮೂಲ ಹುಡುಕುತ್ತಾ ಹೋದರೆ ಈ ಅಂಗಡಿಯ ಬಾಗಿಲಿಗೇ ಹೋಗಿ ನಿಲ್ಲುತ್ತೇವೆ.

ಗಿರಣಿ ನಿಂತಿತು, ಕೂಲಿ ನಿಲ್ಲಲಿಲ್ಲ

ಆರೇಳು ವರ್ಷ ಕಳೆದರೂ ಜನರ ಮನಸ್ಸಿನ ಸಂಶಯ ಪೂರ್ತಿ ಹೋಗಿರಲಿಲ್ಲ. ಅಷ್ಟರಲ್ಲಿ ಅಮೆರಿಕ ಮತ್ತು ಬ್ರಿಟನ್ ನಡುವೆ ಮನಸ್ತಾಪ ಬಂದು ಅಮೆರಿಕದ ಹತ್ತಿ ಬರುವುದು ನಿಂತಿತು. ಹತ್ತಿಯ ಬೆಲೆ ಏರಿತು. ಈ ಬೆಲೆಗೆ ಕೊಂಡು ನೂತರೆ ನಷ್ಟ. ಗಿರಣಿಗಳವರು ಬಾಗಿಲು ಹಾಕಿ ಜನರನ್ನು ಮನೆಗೆ ಕಳಿಸಿದರು. ಕೂಲಿ ಇಲ್ಲದೆ ಎಷ್ಟೋ ಸಂಸಾರಗಳು ಬೀದಿಗೆ ಬಿದ್ದವು.

ಓವೆನ್ ಕೂಡ ನಾಲ್ಕು ತಿಂಗಳು ಗಿರಣಿ ನಿಲ್ಲಿಸಿದರು. ಆದರೆ ಒಬ್ಬರನ್ನೂ ತೆಗೆಯಲಿಲ್ಲ. ಯಂತ್ರಗಳನ್ನು ಒರೆಸಿ ಎಣ್ಣೆ ಹಾಕಿ ಸುಸ್ಥಿತಿಯಲ್ಲಿ ಇಟ್ಟುಕೊಂಡಿರಿ, ಅಷ್ಟೇ ನಿಮ್ಮ ಕೆಲಸ ಅಂತ ಹೇಳಿ ಎಲ್ಲರಿಗೂ ಪೂರ್ತಿ ಕೂಲಿ ಕೊಟ್ಟರು. ಆ ನಾಲ್ಕು ತಿಂಗಳಲ್ಲಿ ಹೀಗೆ ಕೊಟ್ಟ ಕೂಲಿ 7 ಸಾವಿರ ಪೌಂಡಿಗೂ ಮೇಲೆ. ಯಾರ ಕೂಲಿಯಲ್ಲೂ ಒಂದು ಕಾಸು ಮುರಿಯಲಿಲ್ಲ.

ಬಂಧುಗಳೇ, ಮಳೆ ಬಾರದ ವರ್ಷ ಆಳಿನ ಕೂಲಿ ಕೊಡಲು ನಮಗೇ ಎಷ್ಟು ಕಷ್ಟ ಆಗುತ್ತೆ ನೋಡಿ. ಆದಾಯ ಇಲ್ಲದ ಕಾಲದಲ್ಲಿ ಕೊಟ್ಟ ಕೂಲಿಗೆ ಇರುವ ಬೆಲೆ, ಸುಗ್ಗಿಯಲ್ಲಿ ಕೊಟ್ಟ ಇನಾಮಿಗೆ ಇಲ್ಲ. ನೀವು ನಮಗೆ ಬೇಕಾದವರು ಅಂತ ಓವೆನ್ ಭಾಷಣ ಮಾಡಲಿಲ್ಲ, ನಾಲ್ಕು ತಿಂಗಳು ಮಾಡಿ ತೋರಿಸಿದರು. ಅಲ್ಲಿಂದ ಮುಂದೆ ಆ ಊರಿನವರು ಅವರ ಮಾತಿಗೆ ಅಡ್ಡ ಬರಲಿಲ್ಲ.

ನಾಲ್ಕು ಬಣ್ಣದ ಮರದ ತುಂಡು

ಆ ಕಾಲದ ಗಿರಣಿಗಳಲ್ಲಿ ಮೇಸ್ತ್ರಿಗಳು ಕೆಲಸಗಾರರನ್ನು ಹೊಡೆಯುವುದು, ಬೈಯುವುದು ಸಾಮಾನ್ಯ. ಮಕ್ಕಳಿಗೂ ಬಾರುಕೋಲಿನ ಏಟು ಬೀಳುತ್ತಿತ್ತು. ಓವೆನ್ ಇದನ್ನು ನಿಲ್ಲಿಸಿ ಅದರ ಜಾಗಕ್ಕೆ ಒಂದು ವಿಚಿತ್ರ ಉಪಾಯ ತಂದರು. ಎರಡು ಅಂಗುಲ ಉದ್ದ, ಒಂದು ಅಂಗುಲ ಅಗಲದ ಮರದ ತುಂಡು. ನಾಲ್ಕು ಮುಖ. ಒಂದಕ್ಕೆ ಕಪ್ಪು, ಒಂದಕ್ಕೆ ನೀಲಿ, ಒಂದಕ್ಕೆ ಹಳದಿ, ಒಂದಕ್ಕೆ ಬಿಳಿ ಬಣ್ಣ. ಪ್ರತಿ ಕೆಲಸಗಾರರ ಹತ್ತಿರ ಇದನ್ನು ನೇತುಹಾಕಿರುತ್ತಿದ್ದರು. ನಿನ್ನೆ ಅವರ ನಡತೆ ಹೇಗಿತ್ತೋ ಆ ಬಣ್ಣದ ಮುಖ ಇವತ್ತು ಮುಂದಕ್ಕೆ. ಕೆಟ್ಟದ್ದಕ್ಕೆ ಕಪ್ಪು, ಸುಮಾರಾಗಿದ್ದರೆ ನೀಲಿ, ಒಳ್ಳೆಯದಕ್ಕೆ ಹಳದಿ, ಅತ್ಯುತ್ತಮಕ್ಕೆ ಬಿಳಿ. ಇದಕ್ಕೆ ಮೌನ ಸೂಚಕ ಅಂತ ಕರೆಯಬಹುದು.

ಪ್ರತಿ ವಿಭಾಗಕ್ಕೂ ಒಂದು ನಡತೆ ಪುಸ್ತಕ. ದಿನವೂ ಪ್ರತಿಯೊಬ್ಬರ ಹೆಸರಿನ ಮುಂದೆ ಒಂದರಿಂದ ನಾಲ್ಕರವರೆಗೆ ಒಂದು ಅಂಕಿ ಬರೆಯುತ್ತಿದ್ದರು. ಕೆಲಸಗಾರರ ತುಂಡನ್ನು ಅವರ ಮೇಲ್ವಿಚಾರಕ ತಿರುಗಿಸಿದರೆ, ಮೇಲ್ವಿಚಾರಕರ ತುಂಡನ್ನು ಅವರ ಮೇಲಿನವರು ತಿರುಗಿಸುತ್ತಿದ್ದರು. ಮೇಲಿದ್ದವರಿಗೆ ರಿಯಾಯಿತಿ ಇರಲಿಲ್ಲ.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಎರಡು ಸಂಗತಿ. ಮೊದಲನೆಯದು, ನನಗೆ ಅನ್ಯಾಯವಾಗಿ ಕಪ್ಪು ಹಾಕಿದ್ದಾರೆ ಅಂತ ಯಾರಿಗಾದರೂ ಅನ್ನಿಸಿದರೆ, ಪುಸ್ತಕದಲ್ಲಿ ಬರೆಯುವ ಮೊದಲೇ ನೇರವಾಗಿ ಓವೆನ್‌ರ ಹತ್ತಿರ, ಅವರಿಲ್ಲದಿದ್ದರೆ ಮ್ಯಾನೇಜರ ಹತ್ತಿರ ಹೋಗಿ ಹೇಳಿಕೊಳ್ಳಬಹುದಿತ್ತು. ಅಂಥ ದೂರು ಬಹಳ ಅಪರೂಪವಾಗಿ ಬರುತ್ತಿತ್ತಂತೆ. ದೂರಿಗೆ ದಾರಿ ಇದೆ ಅಂತ ಗೊತ್ತಿದ್ದ ಮೇಲೆ ಮೇಸ್ತ್ರಿಯೂ ಎಚ್ಚರದಿಂದ ಬಣ್ಣ ಹಾಕುತ್ತಾನೆ. ಎರಡನೆಯದು, ಓವೆನ್ ಗಿರಣಿಯೊಳಗೆ ಓಡಾಡುವಾಗ ಕಪ್ಪು ಕಂಡರೂ ಬಾಯಿ ಬಿಡುತ್ತಿರಲಿಲ್ಲ. ಒಮ್ಮೆ ತುಂಡಿನ ಕಡೆ ನೋಡಿ, ಒಮ್ಮೆ ಆ ಮನುಷ್ಯನ ಕಡೆ ನೋಡಿ ಮುಂದೆ ಹೋಗುತ್ತಿದ್ದರು. ಅಷ್ಟೇ. ಬಿಳಿ ಇದ್ದವನಿಗೆ ಧಣಿ ನೋಡಿದರು ಅನ್ನುವ ಸಮಾಧಾನ, ಕಪ್ಪು ಇದ್ದವನಿಗೆ ಅವನ ಮನಸ್ಸೇ ಬುದ್ಧಿ ಹೇಳುತ್ತಿತ್ತು. ಮೊದಮೊದಲು ಸಾಲಾಗಿ ಕಪ್ಪು ಕಾಣುತ್ತಿತ್ತು. ಕ್ರಮೇಣ ಕಪ್ಪು ಹೋಗಿ ನೀಲಿ, ನೀಲಿ ಹೋಗಿ ಹಳದಿ, ಆಮೇಲೆ ಬಿಳಿಯೂ ಹೆಚ್ಚುತ್ತಾ ಬಂತು.

ಈ ತುಂಡನ್ನು ಹಾಗೆಯೇ ತಂದು ನಮ್ಮ ಸಂಘದಲ್ಲಿ ನೇತುಹಾಕಬೇಕು ಅಂತ ನಾನು ಹೇಳುವುದಿಲ್ಲ. ನಾಲ್ಕು ಜನ ನೋಡುವ ಕಡೆ ಕಪ್ಪು ಗುರುತು ಹಾಕಿದರೆ ಅದೂ ಒಂದು ರೀತಿಯ ಏಟೇ. ಹಳ್ಳಿಯಲ್ಲಿ ಅಂಥ ಮಾತು ಮನೆ ಮನೆಗೆ ಹಬ್ಬುತ್ತೆ, ಹೆಂಡತಿ ಮಕ್ಕಳೂ ತಲೆ ತಗ್ಗಿಸಬೇಕಾಗುತ್ತೆ. ಆದರೆ ಒಳ್ಳೆ ಕೆಲಸ ನಡೆದ ದಿನ ಅದು ಒಂದು ಪುಸ್ತಕದಲ್ಲಿ ದಾಖಲಾಗುವುದು, ತಪ್ಪು ಹೊರಿಸುವ ಮೊದಲು ಅವರ ಮಾತು ಕೇಳುವುದು, ಇವೆರಡು ಇನ್ನೂರು ವರ್ಷ ಕಳೆದರೂ ಹಳತಾಗಿಲ್ಲ.

ಅಕ್ಷರ ಕಡಿಮೆ, ಮನಸ್ಸು ದೊಡ್ಡದು

1816ರ ಜನವರಿ 1ರಂದು ಓವೆನ್ ನ್ಯೂ ಲ್ಯಾನಾರ್ಕಿನಲ್ಲಿ ದೊಡ್ಡ ವಿದ್ಯಾಸಂಸ್ಥೆ ತೆರೆದರು. ಹಗಲು ಮಕ್ಕಳಿಗೆ ಶಾಲೆ, ಸಂಜೆ ದೊಡ್ಡವರಿಗೆ ಪಾಠ, ಸಂಗೀತ, ಕುಣಿತ. ನಡೆಯಲು ಕಲಿತ ಮಗುವಿನಿಂದ ಹಿಡಿದು ಸೇರಿಸಿಕೊಳ್ಳುತ್ತಿದ್ದರು. ನಮ್ಮ ಅಂಗನವಾಡಿಯ ಹಾಗೆ ಅಂದುಕೊಳ್ಳಿ. ಅದೇ ವರ್ಷ ದುಡಿಮೆಯ ಹೊತ್ತನ್ನು ಊಟದ ಬಿಡುವು ಬಿಟ್ಟು ಹತ್ತೂಮುಕ್ಕಾಲು ಗಂಟೆಗೆ ಇಳಿಸಿದರು. ಬೇರೆ ಕಡೆ ಹದಿಮೂರು ಹದಿನಾಲ್ಕು ಗಂಟೆ ದುಡಿಸುತ್ತಿದ್ದ ಕಾಲ ಅದು.

ಈ ಶಿಶು ಶಾಲೆಗೆ ಉಪಾಧ್ಯಾಯರನ್ನು ಆರಿಸಿದ ರೀತಿ ನೋಡಿ. ಊರಿನಲ್ಲೇ ಜೇಮ್ಸ್ ಬುಕಾನನ್ ಅಂತ ಒಬ್ಬ ನೇಕಾರ ಇದ್ದ. ಓದು ಬರಹ ಅಷ್ಟಕ್ಕಷ್ಟೆ. ಮಗ್ಗದಲ್ಲಿ ದುಡಿದು ಹೊಟ್ಟೆ ಹೊರೆಯಲೂ ಆಗದ ಸಾಧು ಮನುಷ್ಯ. ಆದರೆ ಮಕ್ಕಳು ಅಂದರೆ ಜೀವ, ತಾಳ್ಮೆ ಅಂದರೆ ಅವನದ್ದು. ಓವೆನ್ ಅವನನ್ನೇ ಆರಿಸಿದರು. ಅವನ ಜೊತೆಗೆ ಮಾಲಿ ಯಂಗ್ ಎಂಬ ಗಿರಣಿಯ ಹದಿಹರೆಯದ ಹುಡುಗಿ. ಇಬ್ಬರಿಗೂ ಹೇಳಿದ್ದು ಇಷ್ಟೇ: ಮಕ್ಕಳಿಗೆ ಹೊಡೆಯಬಾರದು, ಹೆದರಿಸಬಾರದು, ಯಾವಾಗಲೂ ಮೃದುವಾಗಿ ಮಾತಾಡಬೇಕು. ಎರಡು ಮೂರು ವರ್ಷದಲ್ಲಿ ಈ ಶಾಲೆಯ ಹೆಸರು ಎಷ್ಟು ಹಬ್ಬಿತು ಅಂದರೆ, ಲಂಡನ್ನಿನಲ್ಲಿ ಇಂಥದೇ ಶಾಲೆ ತೆರೆಯಲು ದೊಡ್ಡ ಮನುಷ್ಯರು ಬಂದು ಅದೇ ನೇಕಾರ ಬುಕಾನನ್‌ನನ್ನು ಕರೆದುಕೊಂಡು ಹೋದರು. ಅವನಲ್ಲಿದ್ದ ಗುಣ ಅವನಿಗೇ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಟ್ಟಿದ್ದು ಓವೆನ್‌ರ ಕಣ್ಣು.

ಓವೆನ್ ಬೇರೆ ಗಿರಣಿ ಮಾಲೀಕರಿಗೆ ಒಂದು ಬರಹದಲ್ಲಿ ತಿಳಿಹೇಳಿದ್ದರು. ಕಬ್ಬಿಣದ ಯಂತ್ರಕ್ಕೆ ಎಣ್ಣೆ ಹಾಕಿ, ಒರೆಸಿ, ಜೋಪಾನ ಮಾಡಿದರೆ ಲಾಭ ಬರುತ್ತೆ ಅಂತ ನಿಮಗೆಲ್ಲ ಗೊತ್ತು, ಅದಕ್ಕಿಂತ ಎಷ್ಟೋ ಸೂಕ್ಷ್ಮವಾದ ಜೀವಂತ ಯಂತ್ರವಾದ ಮನುಷ್ಯನನ್ನು ಅಷ್ಟೇ ಜೋಪಾನ ಮಾಡಿದರೆ ಎಷ್ಟು ಲಾಭ ಬರಬಹುದು ಅನ್ನುವುದು ಅದರ ಸಾರಾಂಶ. ಇದನ್ನು ಓದಿದಾಗ ನನಗೆ ನಮ್ಮ ಆಯುಧ ಪೂಜೆ ನೆನಪಾಯಿತು. ಹಾಲು ಪರೀಕ್ಷೆ ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಿ ಹಾರ ಹಾಕುತ್ತೇವೆ, ತಕ್ಕಡಿಗೆ ಕುಂಬಳಕಾಯಿ ನಿವಾಳಿಸುತ್ತೇವೆ. ಎತ್ತಿಗೂ ಸಂಕ್ರಾಂತಿಯ ದಿನ ಕೊಂಬಿಗೆ ಬಣ್ಣ ಹಚ್ಚಿ ಮೈ ತಡವುತ್ತೇವೆ. ಆ ಯಂತ್ರದ ಹಿಂದೆ ವರ್ಷವಿಡೀ ಕೂತಿರುವವರಿಗೆ ಕೈಗೆ ಒಂದಿಷ್ಟು ಕಡ್ಲೆಪುರಿ ಹಾಕಿ ಕಳಿಸುತ್ತೇವೆ.

ಕುದುರೆ ಬಿಚ್ಚಿ ಗಾಡಿ ಎಳೆದ ಜನ

ಇಷ್ಟೆಲ್ಲ ಮಾಡುವುದು ಪಾಲುದಾರರಿಗೆ ಹಿಡಿಸಲಿಲ್ಲ. ಶಾಲೆ ಗೀಲೆ ಅಂತ ಲಾಭ ಹಾಳು ಮಾಡ್ತಿದಾನೆ ಅನ್ನುವುದು ಅವರ ತಕರಾರು. 1813ರ ಕೊನೆಗೆ ಗಿರಣಿ ಹರಾಜಿಗೆ ಬಂತು. ಓವೆನ್ ಅಷ್ಟರಲ್ಲಿ ಶೇಕಡ 5ರಷ್ಟು ಬಡ್ಡಿ ಸಿಕ್ಕರೆ ಸಾಕು, ಉಳಿದ ಲಾಭ ಕೆಲಸಗಾರರ ಮತ್ತು ಅವರ ಮಕ್ಕಳ ಏಳಿಗೆಗೆ ಹೋಗಲಿ ಎನ್ನುವ ಹೊಸ ಪಾಲುದಾರರನ್ನು ಕೂಡಿಸಿಕೊಂಡಿದ್ದರು. ಪ್ರಸಿದ್ಧ ಚಿಂತಕ ಜೆರೆಮಿ ಬೆಂಥಮ್, ಕ್ವೇಕರ್ ಪಂಥದ ವಿಲಿಯಂ ಆಲನ್ ಅವರಲ್ಲಿ ಸೇರಿದ್ದರು. ಹರಾಜು ಕೂಗು ಏರುತ್ತಾ ಹೋಗಿ 1,14,100 ಪೌಂಡಿಗೆ ಓವೆನ್ ಕಡೆಯವರಿಗೇ ನಿಂತಿತು.

ಗೆದ್ದು ಊರಿಗೆ ಬರುವಾಗ ಜನ ದಾರಿಯಲ್ಲೇ ಗಾಡಿ ತಡೆದರು. ಕುದುರೆಗಳನ್ನು ಬಿಚ್ಚಿ ಕಡೆಗೆ ಕಟ್ಟಿ ತಾವೇ ನೊಗಕ್ಕೆ ಕೈ ಕೊಟ್ಟು ಎಳೆದುಕೊಂಡು ಹೋದರು. ಊರ ತುಂಬ ದೀಪ ಹಚ್ಚಿದರು. ಹದಿಮೂರು ವರ್ಷದ ಹಿಂದೆ ಅವರನ್ನು ಪರಕೀಯ ಅಂತ ನೋಡಿದ್ದು ಇದೇ ಊರು.

ಅವರ ಕೊರತೆಗಳು

ದೊಡ್ಡವರ ಕಥೆ ಬರೆಯುವಾಗ ಒಳ್ಳೆಯದನ್ನಷ್ಟೇ ಬರೆದು ಕೈ ಮುಗಿಯುವುದು ವಾಡಿಕೆ. ಆದರೆ ನಿಜ ಪೂರ್ತಿ ಹೇಳಬೇಕು. ನ್ಯೂ ಲ್ಯಾನಾರ್ಕಿನ ಕೂಲಿ ಬೇರೆ ಗಿರಣಿಗಳಿಗಿಂತ ಹೆಚ್ಚೇನೂ ಇರಲಿಲ್ಲ. ಕಾಯಿಲೆ ನಿಧಿಗೆ ಅಂತ ಕೂಲಿಯ ಅರವತ್ತನೇ ಒಂದು ಭಾಗ ಅವರಿಂದಲೇ ಹಿಡಿಯುತ್ತಿದ್ದರು. ಮನೆ ಶುಚಿಯಾಗಿದೆಯೇ ಅಂತ ನೋಡಲು ತಪಾಸಣೆಯವರು ಒಳಗೆ ಬರುತ್ತಿದ್ದರು. ಅಲ್ಲಿನ ಹೆಂಗಸರಿಗೆ ಇದು ಕೋಪ ತರಿಸಿ, ಬಂದವರಿಗೆ ತಿಗಣೆ ಹುಡುಕುವವರು ಅಂತ ಅಡ್ಡಹೆಸರು ಇಟ್ಟಿದ್ದರು. ಏನೇ ಒಳ್ಳೆಯದಾದರೂ ತೀರ್ಮಾನ ಧಣಿಯದ್ದು, ದುಡಿಯುವವರಿಗೆ ಮಾಲೀಕತ್ವ ಇರಲಿಲ್ಲ.

ಮುಂದೆ ಅವರ ಬದುಕಿನಲ್ಲಿ ಸೋಲುಗಳೇ ಹೆಚ್ಚು. ಮಕ್ಕಳ ದುಡಿಮೆಗೆ ಮಿತಿ ಹಾಕುವ ಕಾನೂನಿಗಾಗಿ 1815ರಿಂದ ಹೋರಾಡಿದರು, 1819ರಲ್ಲಿ ಬಂದ ಕಾನೂನು ಬಹಳ ಸಡಿಲವಾಗಿತ್ತು. 1817ರಲ್ಲಿ ಧರ್ಮಗಳ ವಿರುದ್ಧ ಬಹಿರಂಗವಾಗಿ ಮಾತಾಡಿ ದೊಡ್ಡವರ ಬೆಂಬಲ ಕಳೆದುಕೊಂಡರು. 1825ರಲ್ಲಿ ಅಮೆರಿಕದ ಇಂಡಿಯಾನದಲ್ಲಿ ನ್ಯೂ ಹಾರ್ಮನಿ ಎಂಬ ಇಡೀ ಊರನ್ನೇ ಕೊಂಡು ಎಲ್ಲರೂ ಸಮಾನರಾಗಿ ಬಾಳುವ ಸಮುದಾಯ ಕಟ್ಟಹೋದರು. ಎರಡು ಮೂರು ವರ್ಷದಲ್ಲಿ ಅದು ಒಡೆದುಹೋಯಿತು, ಅವರ ಆಸ್ತಿಯ ಬಹುಪಾಲು ಅದರಲ್ಲಿ ಕರಗಿತು. 1832ರಲ್ಲಿ ಲಂಡನ್ನಿನಲ್ಲಿ ದುಡಿದ ಗಂಟೆಯ ಲೆಕ್ಕದಲ್ಲಿ ಸಾಮಾನು ವಿನಿಮಯ ಮಾಡುವ ಮಳಿಗೆ ತೆರೆದರು, ಅದೂ 1834ರಲ್ಲಿ ಮುಚ್ಚಿತು.

ಆದರೆ ಬಿತ್ತಿದ ಬೀಜ ಬೇರೆ ಕಡೆ ಮೊಳೆಯಿತು. ಓವೆನ್‌ರ ವಿಚಾರ ಕೇಳಿ ಬೆಳೆದವರು ಸೇರಿದಂತೆ 28 ಜನ ಕೂಡಿ, 28 ಪೌಂಡು ಬಂಡವಾಳದಿಂದ, ರಾಚ್‌ಡೇಲ್ ಎಂಬ ಪಟ್ಟಣದಲ್ಲಿ 1844ರ ಡಿಸೆಂಬರ್ 21ರಂದು ಒಂದು ಸಣ್ಣ ಅಂಗಡಿ ತೆರೆದರು. ಧಣಿಯಿಲ್ಲದ, ಸದಸ್ಯರೇ ಧಣಿಗಳಾದ ಅಂಗಡಿ. ಓವೆನ್‌ರಲ್ಲಿದ್ದ ಆ ಒಂದು ಕೊರತೆಯನ್ನು ಅವರು ತುಂಬಿದರು. ಇವತ್ತಿನ ಸಹಕಾರ ತತ್ವಗಳಿಗೆ ಅದೇ ಬುನಾದಿ. ನಮ್ಮ ದೇಶಕ್ಕೆ 1904ರಲ್ಲಿ ಸಹಕಾರಿ ಕಾಯ್ದೆ ಬಂತು. ಮರುವರ್ಷ 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಆ ಬಳ್ಳಿಯ ಒಂದು ಕುಡಿ ನಮ್ಮ ಸಂಘ.

ಓವೆನ್‌ರವರು 1858ರ ನವೆಂಬರ್ 17ರಂದು ತಾವು ಹುಟ್ಟಿದ ನ್ಯೂಟೌನಿನಲ್ಲೇ ತೀರಿಕೊಂಡರು. 87 ವರ್ಷ ಬಾಳಿದರು. ತಂದೆ ತಾಯಿಯ ಸಮಾಧಿಯ ಪಕ್ಕದಲ್ಲೇ ಮಣ್ಣಾದರು. 1902ರಲ್ಲಿ ಸಹಕಾರಿಗಳು ಆ ಸಮಾಧಿಗೆ ಸ್ಮಾರಕ ಮಾಡಿಸಿದರು. ನ್ಯೂ ಲ್ಯಾನಾರ್ಕ್ ಗಿರಣಿ 1968ರವರೆಗೆ ನಡೆಯಿತು. ಆ ಊರನ್ನು ಈಗ ಜೋಪಾನ ಮಾಡಿ ಇಟ್ಟಿದ್ದಾರೆ. 2001ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಘೋಷಣೆಯಾಗಿದೆ.

ನಮ್ಮ ಸಂಘಕ್ಕೆ ಇದರಿಂದ ಏನು?

ಓವೆನ್‌ರ ಊರಿನಲ್ಲಿ ಧಣಿ ಒಬ್ಬರು. ನಮ್ಮ ಸಂಘದಲ್ಲಿ ಹಾಲು ಹಾಕುವ ಪ್ರತಿಯೊಬ್ಬ ಸದಸ್ಯರೂ ಧಣಿಯೇ. ಅದೇ ಕಷ್ಟ ಕೂಡ. ಫ್ಯಾಟ್ ಕಡಿಮೆ ಬಂದರೆ ಪರೀಕ್ಷಕರ ಮೇಲೆ ರೇಗುವವರು ಹತ್ತು ಜನ. ಆದರೆ ಮಳೆ ಇರಲಿ, ಚಳಿ ಇರಲಿ, ಹಬ್ಬ ಇರಲಿ, ಮನೆಯಲ್ಲಿ ಸಾವಾಗಿರಲಿ, ಬೆಳಗಿನ ಜಾವ ಬಾಗಿಲು ತೆಗೆದಿರುತ್ತೆ. ಹಸು ಕೆಚ್ಚಲಿಗೆ ರಜೆ ಇಲ್ಲ, ಆದ್ದರಿಂದ ಅವರಿಗೂ ಇಲ್ಲ. ಸಂಜೆ ಮತ್ತೆ ಅದೇ. 25 ವರ್ಷದಲ್ಲಿ ಎಷ್ಟು ಸಾವಿರ ಸಲ ಆ ಬಾಗಿಲು ತೆಗೆದಿದೆ ಅಂತ ಲೆಕ್ಕ ಹಾಕಿ ನೋಡಿ. ಒಂದು ದಿನ ತಡವಾದರೆ ಎಲ್ಲರಿಗೂ ನೆನಪಿರುತ್ತೆ, ತಡವಾಗದ ದಿನಗಳು ಯಾರ ನೆನಪಲ್ಲೂ ಇಲ್ಲ.

ಆದ್ದರಿಂದ ಆಡಳಿತ ಮಂಡಳಿಯ ಮತ್ತು ಮಹಾಸಭೆಯ ಮುಂದೆ ನನ್ನ ನಾಲ್ಕು ವಿನಂತಿ.

ಒಂದು, ಸಿಬ್ಬಂದಿಯ ಸಂಬಳ ಗೊತ್ತಾದ ತಾರೀಖಿಗೆ ಕೈ ಸೇರಬೇಕು. ಸಂಬಳ ತಡಮಾಡಿ ಶಾಲು ಹೊದಿಸಿದರೆ ಅದು ಹಸಿದವನಿಗೆ ವೇದಾಂತ ಹೇಳಿದಂತೆ.

ಎರಡು, ಸಿಬ್ಬಂದಿಯ ಮೇಲೆ ದೂರು ಬಂದರೆ ಅದನ್ನು ಸಭೆಯ ನಡವಳಿಯಲ್ಲಿ ಬರೆಯುವ ಮೊದಲು ಅವರನ್ನು ಕೂರಿಸಿ ಅವರ ಮಾತು ಕೇಳಬೇಕು.

ಮೂರು, ಪ್ರತಿ ನಿರ್ದೇಶಕರೂ ಸರದಿ ಪ್ರಕಾರ ವರ್ಷಕ್ಕೆ ಒಂದು ವಾರವಾದರೂ ಬೆಳಗಿನ ಹಾಲಿನ ಹೊತ್ತಿಗೆ ಸಂಘಕ್ಕೆ ಬಂದು ಸುಮ್ಮನೆ ಕೂತು ನೋಡಬೇಕು. ಆಜ್ಞೆ ಮಾಡಬಾರದು. ಓವೆನ್ ಆರು ವಾರ ನೋಡಿದರು, ನಾವು ಆರು ದಿನ ನೋಡೋಣ.

ನಾಲ್ಕು, ವಾರ್ಷಿಕ ಮಹಾಸಭೆಯಲ್ಲಿ ಸಿಬ್ಬಂದಿಯನ್ನು ವೇದಿಕೆಗೆ ಕರೆದು, ಆ ವರ್ಷ ಅವರು ಮಾಡಿದ ಕೆಲಸ ಇಂಥದು ಅಂತ ಹೆಸರಿಟ್ಟು ಹೇಳಬೇಕು. ಚೆನ್ನಾಗಿ ದುಡಿದಿದ್ದಾರೆ ಅಂತ ಒಂದು ಮಾತಲ್ಲಿ ಮುಗಿಸಿದರೆ ಅದು ಎಲ್ಲರಿಗೂ ಹೇಳುವ ಮಾತೇ. ಯಾವ ಜಡಿಮಳೆಯ ದಿನ ಕ್ಯಾನು ಹೇಗೆ ಸಾಗಿಸಿದರು, ಯಾವ ಲೆಕ್ಕದ ತಪ್ಪನ್ನು ಕಂಡುಹಿಡಿದರು ಅಂತ ಹೇಳಿದರೆ, ಇವರು ನನ್ನನ್ನು ನೋಡಿದ್ದಾರೆ ಅಂತ ಅವರಿಗೆ ತಿಳಿಯುತ್ತೆ. ಕೇಳುತ್ತಾ ಕೂತ ಸದಸ್ಯರಿಗೂ ಆ ಕೆಲಸದ ಬೆಲೆ ಗೊತ್ತಾಗುತ್ತೆ.

ಇನ್ನೊಂದು ಸಣ್ಣ ಮಾತು. ಈ ಸಂಚಿಕೆಯಲ್ಲಿ ಅಧ್ಯಕ್ಷರ, ನಿರ್ದೇಶಕರ ಭಾವಚಿತ್ರಗಳನ್ನು ಹಾಕುತ್ತಾರೆ. ಅವುಗಳ ಜೊತೆಗೆ ಅದೇ ಅಳತೆಯಲ್ಲಿ ಕಾರ್ಯದರ್ಶಿಯವರ, ಪರೀಕ್ಷಕರ, ಸಹಾಯಕರ ಭಾವಚಿತ್ರ, ಹಾಗೇ ಇಲ್ಲಿ ದುಡಿದು ನಿವೃತ್ತರಾದವರ ಭಾವಚಿತ್ರವನ್ನೂ ಹಾಕಬೇಕು ಅಂತ ಸಂಪಾದಕ ಸಮಿತಿಯವರನ್ನು ಕೇಳಿಕೊಂಡಿದ್ದೇನೆ. ಅವರು ಒಪ್ಪಿದ್ದಾರೆ, ಅವರಿಗೆ ನನ್ನ ವಂದನೆಗಳು.

ಸಂಘ ಇನ್ನೂ ಬೆಳೆಯಲಿ, ಸುವರ್ಣ ಹಬ್ಬವನ್ನು ನಮ್ಮ ಮಕ್ಕಳು ಆಚರಿಸಲಿ ಎಂದು ಹಾರೈಸುತ್ತೇನೆ.

ಜೈ ಸಹಕಾರ.